ನಲ್ಲಿ ನೀರಿನ ಋಣ



2024ರ ತಪಸ್ಸುಕಾಲವನ್ನು ಬೆಂಗಳೂರಿನ ಪೂರ್ವ ಭಾಗದ ಜನ ಬೇಗ ಮರೆಯುವಂತಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋಗಿವೆಯೆಂದು ಸರ್ಕಾರವೇ ಒಪ್ಪಿಕೊಂಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಮಾರ್ಚ್ ತಿಂಗಳಲ್ಲಿ ಆಜ್ಞೆ ಹೊರಡಿಸಿತು. ಕೆ.ಆರ್. ಪುರದ ಆಚೆಯ ಬಡಾವಣೆಗಳಲ್ಲಿ ಟ್ಯಾಂಕರಿನ ಸದ್ದು ಕೇಳಿದರೆ ಸಾಕು, ಹೆಂಗಸರು ಒಲೆಯ ಮೇಲಿನ ಅನ್ನ ಬಿಟ್ಟು ಬಿಂದಿಗೆ ಹಿಡಿದು ಓಡುತ್ತಿದ್ದರು.

ನಾನು ಆಗ ಸೇವೆ ಮಾಡುತ್ತಿದ್ದ ಧರ್ಮಕೇಂದ್ರದಲ್ಲಿ ಒಂದು ಬೋರ್‌ವೆಲ್ ಇತ್ತು. ಅದರಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಗೇಟಿನ ಬಳಿಯ ನಲ್ಲಿಗೆ ಜನ ಹೆಚ್ಚಾದಾಗ, ಇದೂ ಬತ್ತಿದರೆ ಗತಿಯೇನು ಎಂದು ಪಾಲನಾ ಸಮಿತಿಯವರು ಕೇಳಿದರು. ಮೊದಲು ನಮ್ಮವರಿಗೆ ಆಗಲಿ ಎಂದರು. ನಾನೂ ತಲೆಯಾಡಿಸಿದೆ. ನಲ್ಲಿಗೆ ಬೀಗ ಬಿತ್ತು. ಆ ಭಾನುವಾರ ಬಲಿಪೂಜೆಯಲ್ಲಿ ಮಳೆಗಾಗಿ ವಿಶೇಷ ಪ್ರಾರ್ಥನೆ ಮಾಡಿಸಿದ್ದೂ ನಾನೇ.

ಮಾರನೆಯ ದಿನ ಒಬ್ಬ ತಾಯಿ ಬಂದಳು. ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವಳು, ನಮ್ಮ ಸಭೆಯವಳಲ್ಲ. “ಮಳಿಗಿ ಪ್ರಾರ್ಥನಾ ಮಾಡೀರಂತ ಕೇಳೀನ್ರಿ, ಸ್ವಾಮೇರ. ಅದು ಬರೂತನಕ ಎರಡು ಕೊಡ ನೀರು ಕೊಡ್ರಿ” ಎಂದಳು. ನಾನು ಸಮಿತಿಯ ಮಾತು ಹೇಳಿ, “ನಾಳೆ ನೋಡೋಣಮ್ಮ” ಎಂದು ಕಳುಹಿಸಿದೆ. ಅವಳು ಬಯ್ಯಲಿಲ್ಲ, ಅಳಲಿಲ್ಲ. ಬರಿಯ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದಳು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ಧ್ಯಾನಿಸೋಣ. ನಡು ಮಧ್ಯಾಹ್ನ. ಪ್ರಯಾಣದಿಂದ ದಣಿದ ಯೇಸುಸ್ವಾಮಿ ಯಕೋಬನ ಬಾವಿಯ ಬಳಿ ಕುಳಿತಿದ್ದಾರೆ. ಅವರ ಬಳಿ ಹಗ್ಗವಿಲ್ಲ, ಕೊಡವಿಲ್ಲ. ಸಮಾರಿಯದ ಒಬ್ಬ ಮಹಿಳೆ ನೀರಿಗೆ ಬರುತ್ತಾಳೆ. ಯೆಹೂದ್ಯರಿಗೂ ಸಮಾರಿಯದವರಿಗೂ ಆಗ ಕೊಡುಕೊಳ್ಳುವ ಬಳಕೆಯೇ ಇರಲಿಲ್ಲ. ಆದರೂ ಲೋಕೋದ್ಧಾರಕರು ಆ ಪರನಾಡಿನ ಹೆಂಗಸಿನ ಮುಂದೆ ಕೈಯೊಡ್ಡಿ ಕುಡಿಯಲು ನೀರು ಕೇಳುತ್ತಾರೆ. ಜೀವಜಲವನ್ನು ಕೊಡಬಲ್ಲವರು ಮೊದಲು ಬೇಡುವವರಾಗುತ್ತಾರೆ. ಅನ್ಯರಿಂದ ಪಡೆಯುವುದು ಅವಮಾನವೆಂದು ಅವರು ತಿಳಿಯಲಿಲ್ಲ. ಅನ್ಯರಿಗೆ ಕೊಟ್ಟರೆ ನಮಗೆ ಕಡಿಮೆಯಾಗುತ್ತದೆಂದು ಆಕೆಯೂ ಕೊನೆಗೆ ತಿಳಿಯಲಿಲ್ಲ.

ನಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮಕ್ಕಳನ್ನು ಕೇಳಿ ನೋಡಿ. ಮೇಲಿನ ಟ್ಯಾಂಕಿನಿಂದ ಎನ್ನುತ್ತಾರೆ. ತುಸು ತಿಳಿದವರು ಕಾವೇರಿಯಿಂದ ಎನ್ನುತ್ತಾರೆ. ಎರಡೂ ನಿಜ, ಆದರೆ ಎರಡೂ ಪೂರ್ತಿಯಲ್ಲ.

ನಮ್ಮ ಹಿರಿಯರ ಕಾಲದಲ್ಲಿ ದಂಡಿನ ಜನ ಹಲಸೂರು ಕೆರೆ, ಮಿಲ್ಲರ್ಸ್ ಕೆರೆ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗಳನ್ನು ನಂಬಿ ಬದುಕಿದರು. 1896ರ ಹೊತ್ತಿಗೆ ಹೆಸರಘಟ್ಟದ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿಯ ಮೊದಲ ಹಂತ. ಈಗ ಕಾವೇರಿ ನೀರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ. ತಾನಾಗಿ ಹರಿದು ಬರುವುದಿಲ್ಲ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಏರಿಸಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಹೋಗುವುದು ಇದರ ವಿದ್ಯುತ್ತಿಗೇ. ನಾವು ಹಲ್ಲುಜ್ಜುತ್ತ ಸುಮ್ಮನೆ ಹರಿಯಬಿಡುವ ಒಂದು ಚೊಂಬು ನೀರು ಅಷ್ಟು ಬೆಟ್ಟ ಹತ್ತಿ ಬಂದಿರುತ್ತದೆ.

ಆ ಕೊಳವೆಗಳಿಗೆ ಹಣ ಎಲ್ಲಿಂದ ಬಂತು? ಇಲ್ಲಿ ನಮಗೆ ಪರನಾಡಿನ ನೆರೆಯವರು ಸಿಗುತ್ತಾರೆ. 2002ರಲ್ಲಿ ಮುಗಿದ ನಾಲ್ಕನೆಯ ಹಂತದ ಮೊದಲ ಘಟ್ಟಕ್ಕೂ 2012ರಲ್ಲಿ ಮುಗಿದ ಎರಡನೆಯ ಘಟ್ಟಕ್ಕೂ ಜಪಾನಿನ ಸಾಲದ ನೆರವಿತ್ತು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಬೇಕೆಂದು ಐದನೆಯ ಹಂತವನ್ನು ಕೈಗೊಂಡಾಗಲೂ ನೆರವಿಗೆ ಬಂದದ್ದು ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ ಪತ್ರಿಕೆಗಳಲ್ಲಿ ನಾವು ಓದುವ ‘ಜೈಕಾ’. ಆ ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದುವರೆಗೆ ದಿನಕ್ಕೆ ಸುಮಾರು 1,450 ದಶಲಕ್ಷ ಲೀಟರ್ ಬರುತ್ತಿದ್ದ ಕಾವೇರಿ ನೀರಿಗೆ ಇನ್ನೂ 775 ದಶಲಕ್ಷ ಲೀಟರ್ ಸೇರಿಸುವ ಯೋಜನೆ ಅದು.

ಇದು ದಾನವಲ್ಲ, ಸಾಲ ಎಂಬುದನ್ನು ನಾವು ನೆನಪಿಡಬೇಕು. ಬಡ್ಡಿ ಕಡಿಮೆ, ಅವಧಿ ದೀರ್ಘ, ಆದರೂ ಸಾಲ ಸಾಲವೇ. ಇಂದು ತೊಟ್ಟಿಲಲ್ಲಿರುವ ಮಗು ದುಡಿಯುವ ವಯಸ್ಸಿಗೆ ಬಂದಾಗ ಅದನ್ನು ತೀರಿಸುತ್ತಿರುತ್ತದೆ. ನಾವು ಪೋಲು ಮಾಡಿದ ನೀರಿನ ಲೆಕ್ಕವನ್ನು ನಮ್ಮ ಮಕ್ಕಳು ಕಟ್ಟುತ್ತಾರೆ.

ಜಪಾನಿನವರಿಗೂ ನಮಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಯುದ್ಧದಲ್ಲಿ ನುಚ್ಚುನೂರಾದ ಆ ದೇಶದ ಮಕ್ಕಳು ನಮಗೊಂದು ಆನೆ ಕೊಡಿ ಎಂದು ಪ್ರಧಾನಿ ನೆಹರೂ ಅವರಿಗೆ ಬರೆದು ಕೇಳಿದ್ದರು. 1949ರಲ್ಲಿ ನಮ್ಮ ಮೈಸೂರು ಸೀಮೆಯ ಆನೆಯೊಂದು ಇಂದಿರಾ ಎಂಬ ಹೆಸರು ಹೊತ್ತು ಟೋಕಿಯೋದ ಉಯೆನೊ ಮೃಗಾಲಯ ಸೇರಿತು. ಕೊಡಲು ನಮ್ಮಲ್ಲಿ ಆಗ ಹೆಚ್ಚೇನೂ ಇರಲಿಲ್ಲ. ಇದ್ದುದರಲ್ಲಿ ಕೊಟ್ಟೆವು. ಜಪಾನ್ ಸಹ ಆ ವರ್ಷಗಳಲ್ಲಿ ಸಾಲಗಾರ ದೇಶವೇ. 1953ರಿಂದ 1966ರವರೆಗೆ ಅದು ವಿಶ್ವಬ್ಯಾಂಕಿನಿಂದ 31 ಸಾಲಗಳನ್ನು ಪಡೆಯಿತು. ಅದರ ಪ್ರಸಿದ್ಧ ಅತಿವೇಗದ ರೈಲುಮಾರ್ಗಕ್ಕೂ ಆ ಹಣ ಬಳಕೆಯಾಯಿತು. ಕೊನೆಯ ಕಂತು ತೀರಿದ್ದು 1990ರಲ್ಲಿ. ಆಶ್ಚರ್ಯವೆಂದರೆ ತಾನಿನ್ನೂ ಸಾಲ ಪಡೆಯುತ್ತಿದ್ದ 1958ರಲ್ಲೇ ಜಪಾನ್ ಇನ್ನೊಂದು ದೇಶಕ್ಕೆ ಅಭಿವೃದ್ಧಿ ಸಾಲ ಕೊಡಲು ಆರಂಭಿಸಿತು. ಮೊದಲು ಕೊಟ್ಟದ್ದು ನಮ್ಮ ಭಾರತಕ್ಕೆ.

ಇದರಲ್ಲಿ ಆ ದೇಶದ ಸ್ವಾರ್ಥವೂ ಇರಬಹುದು, ವ್ಯಾಪಾರವೂ ಇರಬಹುದು. ದೇಶಗಳು ಸಂತರಲ್ಲ. ಆದರೂ ತನ್ನ ಕೊಡ ತುಂಬುವ ಮೊದಲೇ ಇನ್ನೊಬ್ಬರ ಕೊಡಕ್ಕೆ ಸ್ವಲ್ಪ ಸುರಿಯಬಹುದು ಎಂಬ ಪಾಠ ಇದರಲ್ಲಿದೆ. ನಮ್ಮ ಧರ್ಮಕೇಂದ್ರದ ನಲ್ಲಿಗೆ ಬೀಗ ಹಾಕಿಸಿದ ನನಗೆ ಈ ಪಾಠ ಬೇಕಾಗಿತ್ತು.

ಧರ್ಮಸಭೆ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯಕ್ಕೆ ಬೆಸಿಲಿಕದ ಗೌರವ ನೀಡಿದ ಜಗದ್ಗುರು ಆರನೆಯ ಪೌಲರನ್ನು ನಮ್ಮ ಹಿರಿಯರು ಬಲ್ಲರು. ಅವರು 1964ರ ಡಿಸೆಂಬರಿನಲ್ಲಿ ಮುಂಬಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಬಂದು ನಮ್ಮ ನಾಡಿನ ಬಡವರನ್ನು ಕಣ್ಣಾರೆ ಕಂಡರು. 1967ರಲ್ಲಿ ಜನಾಂಗಗಳ ಪ್ರಗತಿಯ ಕುರಿತು ವಿಶ್ವಪತ್ರ ಬರೆದರು. ಪ್ರಗತಿಯೆಂದರೆ ಹಣ ಹೆಚ್ಚುವುದಷ್ಟೇ ಅಲ್ಲ, ಪ್ರತಿಯೊಬ್ಬ ಮನುಷ್ಯನೂ ಪೂರ್ತಿಯಾಗಿ ಬೆಳೆಯುವುದು ಎಂಬುದು ಅದರ ತಿರುಳು. ಸಾಲ ಕೊಡುವವರೂ ಪಡೆಯುವವರೂ ಕುಳಿತು ಮಾತಾಡಿ, ಪಡೆದವರ ಬೆನ್ನು ಮುರಿಯದಂತೆ ಬಡ್ಡಿಯನ್ನೂ ಅವಧಿಯನ್ನೂ ಗೊತ್ತುಮಾಡಬೇಕೆಂದು ಸಹ ಅವರು ಅದರಲ್ಲಿ ವಿವರಿಸಿದರು.

2015ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಶುದ್ಧವಾದ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ಸಾರಿದರು. ಅದೇ ವರ್ಷ ಸೆಪ್ಟೆಂಬರ್ 25ರಂದು ಅವರು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮಾತನಾಡಿದರು. ಅದೇ ದಿನ ಲೋಕದ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಗುರಿಗಳನ್ನು ಒಪ್ಪಿಕೊಂಡವು. ಅವುಗಳಲ್ಲಿ ಆರನೆಯದು ಎಲ್ಲರಿಗೂ ನೀರು ಮತ್ತು ನೈರ್ಮಲ್ಯ. ಹದಿನೇಳನೆಯದು ಇವನ್ನೆಲ್ಲ ಸಾಧಿಸಲು ರಾಷ್ಟ್ರ ರಾಷ್ಟ್ರಗಳ ಸಹಕಾರ. ಇವಕ್ಕೆ ಸುಸ್ಥಿರ ಅಭಿವೃದ್ಧಿಯ ಗುರಿಗಳೆಂದು ಹೆಸರು. ಮಾತು ದೊಡ್ಡದಾಗಿ ಕೇಳಿಸುತ್ತದೆ, ಅರ್ಥ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ: ಇಂದು ಉಣ್ಣುವಾಗ ನಾಳಿನ ಮಕ್ಕಳ ತಟ್ಟೆಗೆ ಕೈ ಹಾಕಬಾರದು.

ಪ್ರಿಯರೇ, ದೂರದ ಜಪಾನಿನೊಡನೆ ಸಹಕಾರ ಸುಲಭ. ಪಕ್ಕದವರೊಡನೆ ಕಷ್ಟ. ಇದಕ್ಕೂ ಕಾವೇರಿಯೇ ಸಾಕ್ಷಿ. ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳ ಮೇಲೆ ಬಿದ್ದ ಮಳೆ ಕಾವೇರಿಗೆ ಹೋಗುವುದಿಲ್ಲ. ಅದು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಊರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು 2007ರ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿ ಅಷ್ಟು ಭಾಗದ ಕುಡಿಯುವ ನೀರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಇಡೀ ಊರಿನ ಬಾಯಾರಿಕೆಯನ್ನು ಗಮನಿಸಿ, ಕರ್ನಾಟಕಕ್ಕೆ ಹೆಚ್ಚಿಗೆ ಕೊಟ್ಟ 14.75 ಟಿ.ಎಂ.ಸಿ.ಯಲ್ಲಿ 4.75 ಟಿ.ಎಂ.ಸಿ.ಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದು ಎಣಿಸಿತು. ಆ 14.75 ಟಿ.ಎಂ.ಸಿ. ತಮಿಳುನಾಡಿನ ಪಾಲಿನಿಂದ ಕಡಿಮೆಯಾದದ್ದು. ಹಾಗಾದರೆ ಈ ಪೂರ್ವ ಭಾಗದ ನಮಗೆ ಕಾವೇರಿ ಹುಟ್ಟಿನಿಂದ ಬಂದ ಸೊತ್ತಲ್ಲ. ಕೊಡಗಿನ ಮಳೆ, ಮಂಡ್ಯದ ನೆಲ, ಕೆಳಗಿನ ಊರುಗಳ ರೈತರು, ಎಲ್ಲರ ಪಾಲಿನಿಂದ ನಮಗೆ ಬಂದದ್ದು.

ಇದೇ ನೀರಿನ ಹೆಸರಿನಲ್ಲಿ 2016ರ ಸೆಪ್ಟೆಂಬರ್ 12ರಂದು ನಮ್ಮ ನಗರದಲ್ಲಿ ಬಸ್ಸುಗಳು ಉರಿದವು. ನೆರೆಮನೆಯವರ ಮಾತೃಭಾಷೆಯನ್ನು ಅನುಮಾನದಿಂದ ಕೇಳುವ ದಿನ ಬಂತು. ಅದಕ್ಕೆ ನಾಲ್ಕೇ ದಿನ ಮೊದಲು, ಸೆಪ್ಟೆಂಬರ್ 8ರಂದು, ಶಿವಾಜಿನಗರದಲ್ಲಿ ಮಾತೆಯ ಹಬ್ಬ ಕೂಡಿತ್ತು. ಆ ಹಬ್ಬದಲ್ಲಿ ಕಾವಿ ಉಟ್ಟು ಬರಿಗಾಲಲ್ಲಿ ನಡೆದು ಬರುವವರಲ್ಲಿ ಕನ್ನಡದವರಿದ್ದಾರೆ, ತಮಿಳಿನವರಿದ್ದಾರೆ, ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ದಾರಿಯಲ್ಲಿ ನೀರು ಮಜ್ಜಿಗೆ ಹಂಚುವವರು ಯಾರ ಊರನ್ನೂ ಕೇಳುವುದಿಲ್ಲ. ಹಬ್ಬದ ದಿನ ಬರುವ ಈ ಮನಸ್ಸು ವರ್ಷದ ಉಳಿದ ದಿನಗಳಲ್ಲಿ ಎಲ್ಲಿ ಹೋಗುತ್ತದೆ?

ಆದಿಕಾಂಡದಲ್ಲಿ ಇಸಾಕನ ಆಳುಗಳು ಬಾವಿ ತೋಡಿದಾಗ ಅಲ್ಲಿಯವರು ನೀರು ತಮ್ಮದೆಂದು ಜಗಳಕ್ಕೆ ಬಂದರು. ಆ ಬಾವಿಗೆ ಜಗಳವೆಂದೇ ಹೆಸರಾಯಿತು. ಎರಡನೆಯ ಬಾವಿಗೂ ವ್ಯಾಜ್ಯ ಬಂದು ಅದಕ್ಕೆ ಹಗೆತನವೆಂಬ ಹೆಸರು ಬಂತು. ಇಸಾಕನು ಮುಂದೆ ಹೋಗಿ ಮೂರನೆಯದನ್ನು ತೋಡಿದನು. ಅಲ್ಲಿ ಜಗಳವಿರಲಿಲ್ಲ. ಅದಕ್ಕೆ ಎಲ್ಲರಿಗೂ ಎಡೆಯಿದೆ ಎಂಬ ಅರ್ಥದ ಹೆಸರಿಟ್ಟನು. ಬಾವಿಯ ಆಳ ಎಷ್ಟೆಂಬುದು ಅಲ್ಲಿ ಮುಖ್ಯವಾಗಲಿಲ್ಲ. ಎಷ್ಟು ಜನರಿಗೆ ಎಡೆ ಸಿಕ್ಕಿತು ಎಂಬುದು ಮುಖ್ಯವಾಯಿತು.

ಇನ್ನೊಂದು ಮಾತು. ನಾವು ಪಡೆಯುವ ನೀರಿನ ಬಗ್ಗೆ ಹೋರಾಡುತ್ತೇವೆ, ಕಳುಹಿಸುವ ನೀರಿನ ಬಗ್ಗೆ ಸುಮ್ಮನಿರುತ್ತೇವೆ. ಶಿವಾಜಿನಗರದ ಮೋರಿ ಹಲಸೂರು ಕೆರೆಯ ಕಡೆಗೆ ಹರಿಯುತ್ತದೆ. ಹಲಸೂರಿನದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನ ಹೊಸೂರಿನ ಕಡೆಗೆ ಸಾಗುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿ ಹೊತ್ತಿಕೊಂಡಿತು. 2018ರಲ್ಲಿ ನಮ್ಮ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸತೊಡಗಿದರು. ಒಳ್ಳೆಯ ಉದ್ದೇಶವೇ. ಆದರೆ ಕೆಲವೇ ವಾರಗಳಲ್ಲಿ ಅಲ್ಲಿ ನೊರೆ ಕಾಣಿಸಿಕೊಂಡು, ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ನಮಗೆ ಜಪಾನ್ ನೀರಿನ ಕೊಳವೆ ಹಾಕಲು ನೆರವಾಯಿತು. ನಾವು ನೆರೆಯ ಊರಿಗೆ ಸೋಪಿನ ನೊರೆ ಕಳುಹಿಸಿದೆವು. ಇದು ಸಹಕಾರವೇ, ಸಹೋದರರೇ?

ಅಂತರರಾಷ್ಟ್ರೀಯ ಸಹಕಾರ ಎಂಬುದು ದೆಹಲಿಯಲ್ಲೋ ಟೋಕಿಯೋದಲ್ಲೋ ಸಹಿ ಬಿದ್ದಾಗ ಮುಗಿಯುವ ಕಾರ್ಯವಲ್ಲ. ಸಹಿ ಅದರ ಆರಂಭ. ಸಾವಿರಾರು ಮೈಲಿಗಳಾಚೆಯಿಂದ ಬಂದ ಸಹಾಯ ಕೊನೆಯ ಹತ್ತು ಗಜಗಳಲ್ಲಿ ನಿಂತುಹೋಗಬಹುದು. ಬೀದಿಗೆ ಕೊಳವೆ ಬಂದ ಮಾತ್ರಕ್ಕೆ ಬಾಡಿಗೆಯ ಶೀಟಿನ ಮನೆಗೆ ನೀರು ಬಂದಂತಲ್ಲ. ಸಂಪರ್ಕಕ್ಕೆ ಹಣ ಕಟ್ಟಬೇಕು, ಮನೆಯ ಒಡೆಯರು ಮನಸ್ಸು ಮಾಡಬೇಕು. ಆ ಕೊನೆಯ ಹತ್ತು ಗಜ ಜೈಕಾದ ಕೆಲಸವಲ್ಲ, ನಮ್ಮದು.

ಆದ್ದರಿಂದ ಪ್ರತಿಯೊಂದು ಕುಟುಂಬವೂ ಸಂಜೆಯ ಜಪಸರದ ನಂತರ ಒಂದಿಷ್ಟು ಹೊತ್ತು ಕುಳಿತು ನೀರಿನ ಲೆಕ್ಕ ನೋಡಲಿ. ತರಕಾರಿ ತೊಳೆದ ನೀರು ಗಿಡಕ್ಕೆ ಹೋಗಲಿ, ಫಿಲ್ಟರಿನಿಂದ ಹೊರಹೋಗುವ ನೀರು ನೆಲ ಒರೆಸಲು ಸಿಗಲಿ. ಸೋರುವ ನಲ್ಲಿಗೆ ಈ ವಾರವೇ ವಾಷರ್ ಹಾಕಿಸಿ. ಮಳೆನೀರು ಕೊಯ್ಲು ನಮ್ಮ ನಗರದಲ್ಲಿ 2009ರಿಂದ ಕಾನೂನು. ದಂಡಕ್ಕೆ ಹೆದರಿ ಮಾಡುವ ಬದಲು ಕೃತಜ್ಞತೆಯಿಂದ ಮಾಡೋಣ. ಮೂವತ್ತು ನಲವತ್ತರ ನಿವೇಶನದ ಮೇಲೆ ಸಾಧಾರಣ ವರ್ಷದಲ್ಲಿ ಸುಮಾರು ಒಂದು ಲಕ್ಷ ಲೀಟರ್ ಮಳೆ ಬೀಳುತ್ತದೆ. ಅದಕ್ಕೆ ಯಾವ ದೇಶದ ಸಾಲವೂ ಬೇಡ. ಬಾಡಿಗೆದಾರರಿರುವ ಮನೆಯೊಡೆಯರೇ, ನಿಮ್ಮ ಸಂಪಿನ ನೀರಿನಲ್ಲಿ ಅವರಿಗೂ ನ್ಯಾಯವಾದ ಪಾಲು ಕೊಡಿ. ನೀರು ಬಿಡುವ ದಿನ ನಿಮ್ಮ ಮನೆಯಲ್ಲಿ ದುಡಿಯುವ ಹೆಂಗಸು ತಡವಾಗಿ ಬಂದರೆ ಕಾರಣ ಕೇಳುವ ಮೊದಲು ಅವಳ ಮನೆಯ ನಲ್ಲಿಯನ್ನು ನೆನೆಯಿರಿ.

ಆರಂಭದಲ್ಲಿ ಹೇಳಿದ ಆ ತಾಯಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವು ದಿನಗಳ ನಂತರ ಹಾಸಿಗೆ ಹಿಡಿದ ಒಬ್ಬ ವೃದ್ಧರಿಗೆ ಪರಮಪ್ರಸಾದ ಕೊಟ್ಟು ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಬರುತ್ತಿದ್ದೆ. ತಲೆ ಸುತ್ತಿದಂತಾಗಿ ಕಟ್ಟಡ ಕೆಲಸದವರ ಶೆಡ್ಡಿನ ನೆರಳಿನಲ್ಲಿ ನಿಂತೆ. ಒಳಗಿನಿಂದ ಅವಳೇ ಹೊರಗೆ ಬಂದಳು. ನಾನು ಏನೂ ಕೇಳಲಿಲ್ಲ. “ಕುಂದರ್ರಿ ಸ್ವಾಮೇರ, ಬಿಸಲಾಗ ಬಂದೀರಿ” ಎಂದು ಒಂದು ಚೊಂಬು ನೀರು ತಂದುಕೊಟ್ಟಳು. ಮೂಲೆಯಲ್ಲಿ ಅವಳ ಕೊಡ ಕಾಣುತ್ತಿತ್ತು. ಅರ್ಧಕ್ಕಿಂತ ಕಡಿಮೆ ಇತ್ತು. ಅವಳು ನನ್ನ ಬೀಗದ ಮಾತು ಎತ್ತಲಿಲ್ಲ. ಯೇಸುಸ್ವಾಮಿ ಬಾವಿಯ ಬಳಿ ಕೈಯೊಡ್ಡಿದ್ದನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೆ. ಆ ದಿನ ನನಗೆ ನೀರು ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ಸಂಜೆಯೇ ಸಮಿತಿಯವರನ್ನು ಕರೆದು ನಡೆದದ್ದನ್ನು ಹೇಳಿದೆ. ಬೀಗ ತೆಗೆದೆವು. ಬೋರ್‌ವೆಲ್ಲಿನಲ್ಲಿ ಯಾವ ಪವಾಡವೂ ನಡೆಯಲಿಲ್ಲ. ನೀರು ಹೆಚ್ಚಾಗಲಿಲ್ಲ. ಮನೆಗೆ ಎರಡು ಬಿಂದಿಗೆಯೆಂದು ಸರದಿ ಮಾಡಿದೆವು, ನಮ್ಮವರು ಹೊರಗಿನವರು ಎಂಬ ಭೇದ ಬಿಟ್ಟೆವು. ಗುರುನಿವಾಸದ ಹೂದೋಟ ಒಣಗಿತು. ಆ ವರ್ಷದ ಪಾಸ್ಕ ಹಬ್ಬದಲ್ಲಿ ಪೀಠದ ಮೇಲೆ ನಮ್ಮ ತೋಟದ ಹೂಗಳಿರಲಿಲ್ಲ. ಆದರೆ ಹಲವು ವರ್ಷಗಳ ನಂತರ ಮೊದಲ ಬಾರಿಗೆ, ಪವಿತ್ರ ಜಲದ ಆಶೀರ್ವಾದದ ಹೊತ್ತಿನಲ್ಲಿ ಜನ ಆ ಪಾತ್ರೆಯತ್ತ ತದೇಕಚಿತ್ತದಿಂದ ನೋಡುವುದನ್ನು ಕಂಡೆ.

ಸಮಾರಿಯದ ಆ ಮಹಿಳೆ ಕೊನೆಗೆ ತನ್ನ ಕೊಡವನ್ನು ಬಾವಿಯ ಬಳಿಯಲ್ಲೇ ಬಿಟ್ಟು ಊರಿನೊಳಕ್ಕೆ ಓಡಿದಳು. ತನಗೆ ಸಿಕ್ಕಿದ್ದನ್ನು ಊರಿಗೆಲ್ಲ ಹೇಳಿದಳು. ನಮಗೂ ದೂರದವರಿಂದ, ಹತ್ತಿರದವರಿಂದ ತುಂಬ ಸಿಕ್ಕಿದೆ. ಈ ಋಣವನ್ನು ಕೊಟ್ಟವರಿಗೇ ಹಿಂದಿರುಗಿಸಿ ಮುಗಿಸುವುದು ಸರ್ಕಾರದ ಲೆಕ್ಕ. ಮುಂದಿನ ಮನೆಗೆ, ಮುಂದಿನ ಊರಿಗೆ, ಮುಂದಿನ ತಲೆಮಾರಿಗೆ ದಾಟಿಸುವುದು ವಿಶ್ವಾಸಿಗಳ ಲೆಕ್ಕ.

ಪ್ರಾರ್ಥಿಸೋಣ: ಬಾವಿಯ ಬಳಿ ಬಾಯಾರಿ ಕುಳಿತ ಪ್ರಭುವೇ, ನಾವು ಕುಡಿಯುವ ಪ್ರತಿಯೊಂದು ಲೋಟ ನೀರಿನ ಹಿಂದೆ ದುಡಿದ ಕಾಣದ ಕೈಗಳನ್ನು ಆಶೀರ್ವದಿಸು. ನಮ್ಮ ಬಾಗಿಲಿಗೆ ಬರಿಯ ಕೊಡ ಹಿಡಿದು ಬಂದವರಲ್ಲಿ ನಿನ್ನನ್ನು ಗುರುತಿಸುವ ಕಣ್ಣು ಕೊಡು. ನಮ್ಮ ನಲ್ಲಿಗಳ ಬೀಗವನ್ನೂ ಮನಸ್ಸಿನ ಬೀಗವನ್ನೂ ತೆಗೆಸು. ಆಮೆನ್.